ಅಳಿವೆಯ ಸುತ್ತು, ಅಕ್ಕಿಯ ಗುರುತು

ಪುಣೆಯ ಧನಕವಡಿಯಲ್ಲಿ ಬೆಳೆಯುವ ಮಕ್ಕಳಿಗೆ ಶಿವಾಜಿ ಮಹಾರಾಜರ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ನೈಋತ್ಯದ ಬೆಟ್ಟಸಾಲಿನಲ್ಲಿ ಸಿಂಹಗಡ ಇದೆ. ಪಕ್ಕದ ಆಂಬೇಗಾವ್‌ನಲ್ಲಿ ಬಾಬಾಸಾಹೇಬ ಪುರಂದರೆಯವರು ಕನಸು ಕಂಡ ‘ಶಿವಸೃಷ್ಟಿ’ಯ ಮೊದಲ ಹಂತ 2023ರ ಫೆಬ್ರುವರಿಯಲ್ಲಿ ತೆರೆದುಕೊಂಡಿತು. ಗುಡ್ಡ, ಕೋಟೆ, ಕಣಿವೆ, ಕುದುರೆ: ಇಲ್ಲಿನ ಇತಿಹಾಸವೆಲ್ಲ ಗಟ್ಟಿ ನೆಲದ್ದು. ಅದೇ ಮಹಾರಾಜರು 1665ರ ಫೆಬ್ರುವರಿಯಲ್ಲಿ ಮಾಲವಣದಲ್ಲಿ ಹಡಗು ಹತ್ತಿ, ಕೊಂಕಣದ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗಿ, ಕನ್ನಡ ನಾಡಿನ ಒಂದು ಅಳಿವೆಯೊಳಗಿನ ಊರಿಗೆ ನುಗ್ಗಿದ್ದರು. ಅಂದಿನ ಇಂಗ್ಲಿಷ್ ವ್ಯಾಪಾರ ಕೋಠಿಯವರ ಲೆಕ್ಕದಂತೆ ಅವರ ಜತೆಗಿದ್ದದ್ದು 85 ಸಣ್ಣ ಯುದ್ಧನೌಕೆ, ಮೂರು ದೊಡ್ಡ ಹಡಗು. ಆ ಊರು ಬಸ್ರೂರು. ಇವತ್ತಿನ ಉಡುಪಿ ಜಿಲ್ಲೆಯ ಕುಂದಾಪುರದಿಂದ ಒಳನಾಡಿಗೆ ಆರೇಳು ಕಿಲೊಮೀಟರು.

ಸಮುದ್ರದಿಂದ ಅಷ್ಟು ಒಳಗಿರುವ ಊರಿಗೆ ನೌಕಾಪಡೆ ಹೋದದ್ದು ಹೇಗೆ? ಹೋಗಬೇಕೆನಿಸುವಂಥದ್ದು ಅಲ್ಲೇನಿತ್ತು? ಈ ಎರಡು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಕುಂದಾಪುರದ ಅಳಿವೆಯನ್ನು ಒಂದು ಸುತ್ತು ನಡೆದರೆ ಉತ್ತರ ದಾರಿಯಲ್ಲೇ ಸಿಗುತ್ತದೆ. ಒಂದಕ್ಕೆ ಉತ್ತರ ಉಬ್ಬರ, ಇನ್ನೊಂದಕ್ಕೆ ಅಕ್ಕಿ.

ಧನಕವಡಿ, ಕಾತ್ರಜ್ ಕಡೆಯ ಕನ್ನಡಿಗರಿಗೆ ಈ ಊರು ಅಪರಿಚಿತವೇನಲ್ಲ. ಸಾತಾರಾ ರಸ್ತೆಯ ಹೆದ್ದಾರಿಯೇ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗೆ ಒಯ್ಯುತ್ತದೆ. ಅಲ್ಲಿಂದ ಅಂಕೋಲಾ ಕಡೆಗೆ ಘಟ್ಟ ಇಳಿದರೆ ಕರಾವಳಿಯ 66ನೇ ಹೆದ್ದಾರಿ. ಪುಣೆಯಲ್ಲಿ ಹೋಟೆಲು ನಡೆಸುವ, ಹೋಟೆಲಿನಲ್ಲಿ ದುಡಿಯುವ ಎಷ್ಟೋ ಮನೆತನಗಳ ಬೇರು ಉಡುಪಿ, ಕುಂದಾಪುರ ಕಡೆಯದು. ಆದರೆ ನೀರಿನ ಲೆಕ್ಕಕ್ಕೆ ಬಂದರೆ ಎರಡೂ ಊರುಗಳಿಗೆ ಸಂಬಂಧವೇ ಇಲ್ಲ. ಧನಕವಡಿಯ ಮೇಲೆ ಬಿದ್ದ ಮಳೆ ಆಂಬಿಲ್ ಓಢಾ ಹಿಡಿದು ಮುಠಾ ನದಿಗೆ ಸೇರಿ, ಮುಂದೆ ಭೀಮೆಯಾಗಿ ಕಲಬುರಗಿ ಸೀಮೆ ಹಾದು, ರಾಯಚೂರಿನ ಬಳಿ ಕೃಷ್ಣೆಗೆ ಕೂಡಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಉಪ್ಪಿನ ರುಚಿ ಕಾಣಲು ಆ ನೀರು ಅರ್ಧ ದೇಶವನ್ನೇ ದಾಟಬೇಕು. ಕುಂದಾಪುರದ ನದಿಗಳಿಗೆ ಅಷ್ಟು ಪುರುಸೊತ್ತಿಲ್ಲ. ಘಟ್ಟದ ನೆತ್ತಿಯಲ್ಲಿ ಹುಟ್ಟಿ, ಕಾಡಿನಲ್ಲಿ ಧುಮುಕಿ, ಬಯಲಿಗೆ ಬಂದು ಉಸಿರು ಬಿಡುವಷ್ಟರಲ್ಲಿ ಸಮುದ್ರ ಎದುರಾಗುತ್ತದೆ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಡಕಾ. ಐದು ನದಿಗಳು ಕೂಡುವುದರಿಂದ ಪಂಚಗಂಗಾವಳಿ ಎಂಬ ಹೆಸರು. ಕೊಲ್ಲೂರು ಮೂಕಾಂಬಿಕೆಯ ಪಾದ ತೊಳೆದು ಬರುವ ಸೌಪರ್ಣಿಕೆಯದ್ದು ಇವುಗಳಲ್ಲೇ ವಿಚಿತ್ರ ಸ್ವಭಾವ. ಮರವಂತೆಯಲ್ಲಿ ಸಮುದ್ರಕ್ಕೆ ಕೈ ಚಾಚಿದರೆ ತಾಗುವಷ್ಟು ಹತ್ತಿರ ಬಂದು, ನಡುವೆ ಮರಳದಿಣ್ಣೆ (ಈಗ ಅದರ ಮೇಲೆ ಹೆದ್ದಾರಿ) ಇರುವುದರಿಂದ ತಿರುಗಿ, ದಕ್ಷಿಣಕ್ಕೆ ಹತ್ತು ಕಿಲೊಮೀಟರಿನಷ್ಟು ಸಮುದ್ರದ ಪಕ್ಕದಲ್ಲೇ ಹರಿದು, ಕೊನೆಗೆ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಆ ಮರಳದಿಣ್ಣೆಯನ್ನು ಕಟ್ಟಿದ್ದೂ ಸಮುದ್ರವೇ. ಮಳೆಗಾಲದ ಅಲೆಗಳು ತಂದು ಸುರಿದ ಮರಳು ನದಿಯ ಬಾಯಿಯನ್ನು ಮುಚ್ಚುತ್ತ, ಪಕ್ಕಕ್ಕೆ ತಳ್ಳುತ್ತ ಹೋಗುವುದು ಈ ಕರಾವಳಿಯ ಹಲವು ಹೊಳೆಗಳ ಕಥೆ.

ಸುತ್ತು ಶುರುಮಾಡಲು ಕುಂದಾಪುರದ ಚರ್ಚ್ ರಸ್ತೆಯೇ ಸರಿ. ಇಲ್ಲಿನ ರೋಜರಿ ಮಾತೆಯ ಇಗರ್ಜಿಯ ಸ್ಥಾಪನೆ 1570ರದ್ದೆಂದು ಹೇಳುತ್ತಾರೆ. ಅದರ ಹಿಂದಿನ ವರ್ಷವಷ್ಟೇ ಗೋವೆಯ ವೈಸರಾಯ್ ಲೂಯಿಸ್ ದ ಅತಾಯ್ದೆ ಹೊನ್ನಾವರ, ಬಸ್ರೂರುಗಳ ಮೇಲೆ ದಂಡೆತ್ತಿ ಬಂದು ಇಲ್ಲಿ ಪೋರ್ಚುಗೀಸರ ಕಾಲು ಊರಿಸಿದ್ದ. ಕಟ್ಟಡ ಕಾಲಕಾಲಕ್ಕೆ ರೂಪ ಬದಲಿಸಿದೆ, ಜಾಗ ಮಾತ್ರ ಹಳೆಯದು. ಗೋವೆಯ ಬೆನಾವ್ಲಿಯ ಪಾದ್ರಿ ಜೋಸೆಫ್ ವಾಜ್ 1681ರಿಂದ ಮೂರ್ನಾಲ್ಕು ವರ್ಷ ಕೆನರಾದಲ್ಲಿ ಸುತ್ತಾಡಿ ಸೇವೆ ಮಾಡಿದಾಗ ಈ ಕಡೆಗೂ ಬಂದಿದ್ದರು. ಅವರು ಮುಂದೆ ಶ್ರೀಲಂಕಾಕ್ಕೆ ಹೋದರು. 2015ರ ಜನವರಿಯಲ್ಲಿ ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಕುಂದಾಪುರದಲ್ಲೂ ಸಂಭ್ರಮವಿತ್ತು.

ಅದೇ ರಸ್ತೆ ಸೇತುವೆ ದಾಟಿ ಕೋಡಿಗೆ ಒಯ್ಯುತ್ತದೆ. ಕೋಡಿ ಎಂದರೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹಿನ್ನೀರು ಇರುವ ಮರಳಿನ ನಾಲಗೆ. ತುದಿಯಲ್ಲಿ ಕಲ್ಲು ಪೇರಿಸಿ ಕಟ್ಟಿದ ಅಲೆ ತಡೆಗೋಡೆ. ಅದರ ಮೇಲೆ ಜನ ಸಂಜೆ ‘ಸೀವಾಕ್’ ಎಂದು ಓಡಾಡುತ್ತಾರೆ. ಎದುರಿಗೆ ಗಂಗೊಳ್ಳಿ, ಆ ಬದಿಯಲ್ಲೂ ಇಂಥದ್ದೇ ಗೋಡೆ. ಎರಡರ ನಡುವಿನ ಕಿರಿದಾದ ಬಾಯಿಯೇ ಅಳಿವೆ. ಇತ್ತೀಚಿನ ವರ್ಷಗಳಲ್ಲಿ ಕೋಡಿಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟದ್ದು ಸುದ್ದಿಯಾಯಿತು. ಮೊಟ್ಟೆಯಿಟ್ಟ ಜಾಗಕ್ಕೆ ಬಲೆ ಕಟ್ಟಿ ಕಾಯುವವರು ಅಲ್ಲಿನ ಮೀನುಗಾರರೂ ಅರಣ್ಯ ಇಲಾಖೆಯವರೂ.

ತಡೆಗೋಡೆಯ ಮೇಲೆ ಗಂಟೆಗಟ್ಟಲೆ ಕೂರುವ ತಾಳ್ಮೆಯಿದ್ದವರಿಗೆ ಅಳಿವೆ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಬೆಳಗ್ಗೆ ಬಂದಾಗ ನೀರು ಸಮುದ್ರದ ಕಡೆಗೆ ಓಡುತ್ತಿರುತ್ತದೆ. ಆಮೇಲೆ ಒಂದು ಹೊತ್ತು ಯಾವ ಕಡೆಗೂ ಹೋಗದೆ ಎಣ್ಣೆಯ ಹಾಗೆ ನಿಲ್ಲುತ್ತದೆ. ನಂತರ ತೇಲುವ ತೆಂಗಿನ ಸಿಪ್ಪೆಯೊಂದು ಸಮುದ್ರದಿಂದ ಊರಿನ ಕಡೆಗೆ, ಅಂದರೆ ನದಿ ಹರಿಯಬೇಕಾದ ದಿಕ್ಕಿಗೆ ತದ್ವಿರುದ್ಧವಾಗಿ ಹೊರಡುತ್ತದೆ. ಮೊದಮೊದಲು ನಿಧಾನ, ಆಮೇಲೆ ನಡೆಯುವವರ ವೇಗ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹನ್ನೆರಡೂವರೆ ಗಂಟೆಗೆ ತುಸು ಕಡಿಮೆ, ಹಾಗಾಗಿ ದಿನವೂ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡ. ಈ ಕರಾವಳಿಯಲ್ಲಿ ನೀರು ಏರುವುದು ಒಂದು, ಒಂದೂವರೆ ಮೀಟರು ಅಷ್ಟೇ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರಿನ ಸುಮಾರಿಗೆ ಹೋಗುತ್ತದೆ. ಆದರೆ ಕುಂದಾಪುರದ ಸಮತಟ್ಟು ನೆಲಕ್ಕೆ ಒಂದೂವರೆ ಮೀಟರೇ ಸಾಕು. ಉಪ್ಪುನೀರು ಮೈಲುಗಟ್ಟಲೆ ಒಳಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಮುತ್ತ ಇನ್ನೂ ಜೋರು. ಪಂಚಾಂಗ ನೋಡದೆ ಇಲ್ಲಿ ಹಿಂದೆ ಯಾವ ದೋಣಿಯೂ ಹೊರಡುತ್ತಿರಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಾಯಿಯ ಕಾಲದಲ್ಲಿ ಉಬ್ಬರವೇ ಎಂಜಿನ್ನು. ಅಳಿವೆಯ ಬಾಯಲ್ಲಿ ಕಾದು, ನೀರು ಒಳಕ್ಕೆ ತಿರುಗಿದಾಗ ಅದರ ಬೆನ್ನೇರಿದರೆ ಸರಕಿನ ದೋಣಿ ಬಸ್ರೂರಿನ ಕಟ್ಟೆಗೆ ತಾನಾಗಿ ಮುಟ್ಟುತ್ತದೆ. ಇಳಿತ ಶುರುವಾದಾಗ ತುಂಬಿಕೊಂಡು ಹೊರಡುತ್ತದೆ. 1665ರ ದಂಡೂ ಈ ಲೆಕ್ಕ ಹಾಕದೆ ಒಳಗೆ ಬಂದಿರಲಾರದು.

ಕೋಡಿಯಿಂದ ವಾಪಸು ಪೇಟೆಗೆ ಬಂದು ಊರಿಗೆ ಹೆಸರು ಕೊಟ್ಟ ಕುಂದೇಶ್ವರನಿಗೆ ಕೈಮುಗಿದು ಪೂರ್ವಕ್ಕೆ ತಿರುಗಬೇಕು. ಆದರೆ ಅದಕ್ಕೂ ಮುಂಚೆ ಒಂದು ಮೀನಿನ ವಿಷಯ ಹೇಳಿಬಿಡಬೇಕು. ಟಿಪ್ಪು ಸತ್ತ ಮೇಲೆ ಇಂಗ್ಲಿಷರ ಪರವಾಗಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಊರಿಗೆ ಬಂದಿದ್ದ. ಇಲ್ಲಿನ ಕೆರೆಯೊಂದರ ‘ಹೂಮೀನು’ ಸುಲ್ತಾನನ ಊಟಕ್ಕೆಂದು ಮೀಸಲಾಗಿತ್ತೆಂಬ ಮಾತು ಹಳೆಯ ಬರಹಗಳಲ್ಲಿ ಬರುತ್ತದೆ. ಹೂಮೀನು ಇಂದಿಗೂ ಕರಾವಳಿಯ ಹಿನ್ನೀರಿನ ಮೀನೇ. ಮರಿಯಾಗಿದ್ದಾಗ ಉಬ್ಬರದ ಜೊತೆ ಒಳಗೆ ಬಂದು, ಉಪ್ಪು ಕಡಿಮೆಯಿರುವ ನೀರಿನಲ್ಲೂ ಕೊಬ್ಬಿ ಬೆಳೆಯುತ್ತದೆ. ಈಗ ಕುಂದಾಪುರದ ಊಟದ ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಹೆಸರಿರುವುದು ಕಾಣೆ ಮೀನಿಗೆ. ಸುಲ್ತಾನ ಕಾಣೆಯನ್ನು ತಿಂದು ನೋಡಿರಲಿಲ್ಲವೋ ಏನೋ.

ಕೋಣಿ, ಮೂಡ್ಲಕಟ್ಟೆ ದಾಟಿ ಬಸ್ರೂರಿಗೆ. ಮೂಡ್ಲಕಟ್ಟೆಯಲ್ಲೇ ಕುಂದಾಪುರದ ರೈಲು ನಿಲ್ದಾಣವಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಮುಂಬೈ ಕಡೆಯ ಊರವರಿಗೆ ಮನೆ ಒಂದು ರಾತ್ರಿಯ ದೂರಕ್ಕೆ ಬಂತು. ಬೆನ್ನಿಗೆ ಚೀಲ ಹಾಕಿ ರಸ್ತೆಬದಿ ನಡೆಯುವವರನ್ನು ಕಂಡರೆ ಇಲ್ಲಿನವರಿಗೆ ಕುತೂಹಲ. “ಹ್ವಾಯ್, ನಡ್ಕಂಡೇ ಹೋಪುದಾ?” ಎಂದು ಕೇಳದೆ ಬಿಡುವುದಿಲ್ಲ. ಹೌದೆಂದರೆ ನಗು, ಅಲ್ಲವೆಂದರೆ ಬೈಕಿನ ಹಿಂದಿನ ಸೀಟು.

ಬಸ್ರೂರಿಗೆ ಮೊದಲ ಸಲ ಬಂದವರಿಗೆ ನಿರಾಸೆಯಾಗುವುದು ಖಂಡಿತ. ಕೋಟೆಯ ಗೋಡೆ, ಅರಮನೆ, ಟಿಕೆಟು ಕೌಂಟರು, ಯಾವುದೂ ಇಲ್ಲ. ತೆಂಗು, ಹೆಂಚಿನ ಮನೆಗಳು, ಗದ್ದೆ, ಒಂದು ಕಾಲೇಜು. ಇಲ್ಲಿ ನೋಡಬೇಕಾದದ್ದು ಕೇರಿಗಳ ಜೋಡಣೆ. ಶಾಸನಗಳಲ್ಲಿ ಬರುವ ಮೂಡುಕೇರಿ, ಪಡುಕೇರಿಗಳು ಎರಡು ವರ್ತಕರ ಬಡಾವಣೆಗಳು. ಪ್ರತಿ ಕೇರಿಗೂ ತನ್ನದೇ ಸೆಟ್ಟರು, ತನ್ನದೇ ‘ಹಲರು’. ಹಲರು ಎಂದರೆ ಊರಿನ ವ್ಯವಹಾರ ತೀರ್ಮಾನಿಸುವ ವರ್ತಕ ಹಿರಿಯರ ಕೂಟ. ವಿಜಯನಗರದ ಅರಸ ದೂರದಲ್ಲಿದ್ದ, ಅವನ ಅಧಿಕಾರಿ ಬಾರಕೂರಿನಲ್ಲಿದ್ದ. ಬಸ್ರೂರಿನ ದಿನನಿತ್ಯ ನಡೆಸಿದ್ದು ಸೆಟ್ಟರು. ದೇವಸ್ಥಾನಕ್ಕೆ ದತ್ತಿ ಬಿಟ್ಟವರು ಅವರು. ಪೋರ್ಚುಗೀಸರು ಬಂದಾಗ ಎದುರು ಕೂತು ಒಪ್ಪಂದ ಮಾಡಿದವರೂ ಅವರೇ. ಆ ಪರಂಗಿ ದಾಖಲೆಗಳಲ್ಲಿ ಬಸ್ರೂರು ‘ಬಾರ್ಸೆಲೋರ್’. ಅಲ್ಲಿ ರಾಜರಿಗಿಂತ ಹೆಚ್ಚು ಬಾರಿ ಕಾಣುವವರು ‘ಚಾಟಿನ್’ಗಳು, ಅಂದರೆ ಸೆಟ್ಟರು. ನದಿಯ ಕಡೆಯ ಜಾಗಕ್ಕೆ ಮಂಡಿಬಾಗಿಲು ಎಂಬ ಮಂಡಿಯ ಕಾಲದ ಹೆಸರು ಇನ್ನೂ ಅಲ್ಲಿನವರ ಬಾಯಲ್ಲಿದೆ.

ಮಂಡಿಗೆ ಬರುತ್ತಿದ್ದದ್ದು ಅಕ್ಕಿ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಪುಣೆ ನಗರಕ್ಕೆ ಬೀಳುವುದು ಅದರ ಐದನೇ ಒಂದು ಪಾಲಿನಷ್ಟು. ಘಟ್ಟದ ಕೆಳಗಿನ ಬೈಲುಗಳಲ್ಲಿ ಭತ್ತ ಉಕ್ಕುತ್ತಿತ್ತು. ಆದರೆ ಅರಬ್ಬೀ ಸಮುದ್ರದ ಸುತ್ತ ಅಕ್ಕಿ ಬೇಕಾದವರು ಬಹಳ, ಬೆಳೆಯುವವರು ಕಡಿಮೆ. ಮೆಣಸು ಬೆಳೆಯುವ ಮಲಬಾರಿಗೆ ಅಕ್ಕಿ ಸಾಲದು. ಮರಳುಗಾಡಿನ ಹೊರ್ಮುಜ್, ಏಡನ್‌ಗಳಿಗಂತೂ ಒಂದು ಕಾಳೂ ಇಲ್ಲ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಬಸ್ರೂರು, ಬಾರಕೂರುಗಳ ಬಗ್ಗೆ ಬರೆದದ್ದರ ಸಾರವೇ ಇದು: ಒಳ್ಳೆಯ ಅಕ್ಕಿ, ಅದನ್ನು ತುಂಬಿಕೊಳ್ಳಲು ಬರುವ ಹಡಗುಗಳ ಸಾಲು. ಅವನಿಗಿಂತ ಸುಮಾರು 175 ವರ್ಷ ಮೊದಲು ಇಬ್ನ್ ಬತೂತಾ ಕೂಡ ಈ ಕರಾವಳಿಯ ಊರುಗಳನ್ನು ಹೆಸರಿಸುತ್ತ ಬಸ್ರೂರನ್ನು ಎಣಿಸಿದ್ದ.

ಗೋವೆಯ ಪೋರ್ಚುಗೀಸರು ಇಲ್ಲಿಗೆ ಬಂದದ್ದು ಮೆಣಸಿಗೂ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆಪಾಡಿಗೆ. ಗೋವೆಯ ಸಿಪಾಯಿ ಉಣ್ಣುತ್ತಿದ್ದದ್ದು ಕೆನರಾದ ಅಕ್ಕಿ. ಸಾಮ್ರಾಜ್ಯಗಳ ಕಥೆಯಲ್ಲಿ ಮೆಣಸು, ಏಲಕ್ಕಿ, ಚಿನ್ನದ ಹೆಸರು ಬಂದಷ್ಟು ಅಕ್ಕಿಯ ಹೆಸರು ಬರುವುದಿಲ್ಲ. ಅದು ಬಡವರ ಸರಕು ಎಂದಿರಬೇಕು. 1623ರಲ್ಲಿ ಇಕ್ಕೇರಿ ನೋಡಿಕೊಂಡು ಘಟ್ಟ ಇಳಿದು ಬಂದ ಇಟಲಿಯ ಪಿಯೆತ್ರೊ ದೆಲ್ಲ ವಾಲೆ ಇಲ್ಲಿ ಎರಡು ಬಾರ್ಸೆಲೋರ್ ಕಂಡ: ಮೇಲಿನದು ಊರವರದು, ಕೆಳಗಿನದು ಪೋರ್ಚುಗೀಸರದು. ಎರಡರ ನಡುವೆ ಈ ಹೊಳೆ. ಕೆಳಗಿನದರ ಆಯಸ್ಸು ಹೆಚ್ಚಿರಲಿಲ್ಲ. 1650ರ ದಶಕದ ಮೊದಲ ವರ್ಷಗಳಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಒಂದರ ಹಿಂದೊಂದರಂತೆ ಕಿತ್ತುಕೊಂಡ.

ಇಲ್ಲಿಗೆ 1665ರ ಲೆಕ್ಕ ಕೂಡಿಸಬೇಕು. ಶಿವಾಜಿ ಬಂದದ್ದು ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಲು ಎಂಬ ಮಾತು ಈಗ ಅಲ್ಲಲ್ಲಿ ಕೇಳುತ್ತದೆ. ಕೇಳಲು ಚೆನ್ನಾಗಿದೆ, ತಾರೀಖಿಗೆ ಮಾತ್ರ ಕೂಡುವುದಿಲ್ಲ. ಆಗ ಬಸ್ರೂರು ಕೆಳದಿಯ ಸೋಮಶೇಖರ ನಾಯಕನ ಆಳ್ವಿಕೆಯಲ್ಲಿತ್ತು. ಸಮಕಾಲೀನ ಇಂಗ್ಲಿಷ್ ಪತ್ರಗಳು ಹೇಳುವುದು ಲೂಟಿ ಎಂದೇ. ಮರಾಠಾ ಇತಿಹಾಸಕಾರರೂ ಅದನ್ನು ಮುಚ್ಚಿಡಲಿಲ್ಲ: ಮೊಗಲರ ಮಿರ್ಜಾ ರಾಜಾ ಜೈಸಿಂಗನ ದೊಡ್ಡ ದಂಡು ಬರುವ ಹೊತ್ತಿಗೆ ಬೊಕ್ಕಸ ತುಂಬಬೇಕಿತ್ತು, ಹಿಂದಿನ ವರ್ಷ ಸೂರತ್, ಈ ವರ್ಷ ಬಸ್ರೂರು. ಸೂರತ್ತಿನ ಸಾಲಿನಲ್ಲಿ ಬಸ್ರೂರಿನ ಹೆಸರು ಕೂತದ್ದೇ ಆ ಊರಿನ ಸಿರಿತನಕ್ಕೆ ಸಿಕ್ಕ ಪ್ರಮಾಣಪತ್ರ. ಅಲ್ಲಿಂದ ಶಿವರಾತ್ರಿಯ ಹೊತ್ತಿಗೆ ಗೋಕರ್ಣ, ಮುಂದೆ ನೆಲದ ದಾರಿಯಲ್ಲಿ ಅಂಕೋಲೆ, ಕಾರವಾರ. ಕಾರವಾರದಲ್ಲಿ ವಸೂಲಾದ ಕಪ್ಪದಲ್ಲಿ ಇಂಗ್ಲಿಷ್ ಕೋಠಿಯ ಪಾಲು 112 ಪೌಂಡು. ಮಹಾರಾಜರು ತಾವೇ ಹಡಗಿನಲ್ಲಿ ಕೂತು ನಡೆಸಿದ ದೊಡ್ಡ ದಂಡಯಾತ್ರೆ ಇದೊಂದೇ ಎನ್ನುತ್ತಾರೆ.

ಆ ಏಟಿನಿಂದ ಬಸ್ರೂರು ಸಾಯಲಿಲ್ಲ. ಅದೇ ದಶಕದಲ್ಲಿ ಡಚ್ಚರೂ ಇಲ್ಲಿ ಕೋಠಿ ತೆರೆದರು, ಅಕ್ಕಿಗಾಗಿಯೇ. ಊರು ಮಂಕಾದದ್ದು ನಿಧಾನವಾಗಿ. ಹಡಗುಗಳು ದೊಡ್ಡವಾದವು, ಹೊಳೆಯಲ್ಲಿ ಹೂಳು ತುಂಬಿತು, ವ್ಯಾಪಾರ ಅಳಿವೆಯ ಹತ್ತಿರದ ಕುಂದಾಪುರಕ್ಕೂ ಆಮೇಲೆ ಮಂಗಳೂರಿಗೂ ಜಾರಿತು. ಉಳಿದವು ದೇವಸ್ಥಾನಗಳು. ಮಹಾಲಿಂಗೇಶ್ವರನ ಗುಡಿಯಲ್ಲಿ ಪೂಜೆ, ಉತ್ಸವ ಜೋರಾಗಿಯೇ ನಡೆಯುತ್ತವೆ. ತುಳುವೇಶ್ವರನ ಗತಿ ಬೇರೆ. ಗುಡಿಯ ಗೋಡೆ ಬಿದ್ದು ಹೋಗಿ, ಆಲದ ಮರವೊಂದು ಆ ಜಾಗವನ್ನು ತನ್ನದಾಗಿಸಿಕೊಂಡಿದೆ. ಬೇರುಗಳು ಹಗ್ಗದಂತೆ ಇಳಿದು ಲಿಂಗವನ್ನು ಸುತ್ತುವರಿದಿವೆ. ಬೇರಿನ ಸಂದಿಯಲ್ಲಿ ಕಟ್ಟಡದ ಕಲ್ಲುಗಳು ಇನ್ನೂ ಸಿಕ್ಕಿಕೊಂಡಿವೆ. ಮರ ಕಡಿದು ಗುಡಿ ಕಟ್ಟಬೇಕೆಂಬ ಉತ್ಸಾಹ ಯಾರಿಗೂ ಬಾರದಿರಲಿ ಎಂದು ನೋಡಿದವರಿಗೆ ಅನ್ನಿಸುತ್ತದೆ.

ಕಂಡ್ಲೂರಿನ ಸೇತುವೆಯಲ್ಲಿ ವಾರಾಹಿ ದಾಟಿದರೆ ಗುಲ್ವಾಡಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ‘ಇಂದಿರಾಬಾಯಿ’ 1899ರಲ್ಲಿ ಬಂತು. ಬರೆದ ಗುಲ್ವಾಡಿ ವೆಂಕಟರಾಯರ ಮನೆತನದ ಹೆಸರು ಈ ಊರಿನದ್ದು. ಬಾಲವಿಧವೆಯೊಬ್ಬಳು ಓದಿ, ಮರುಮದುವೆಯಾಗುವ ಕಥೆಯನ್ನು ಅವರು ಬರೆದಾಗ ಈ ಸೀಮೆ ಮದ್ರಾಸ್ ಪ್ರಾಂತದಲ್ಲಿತ್ತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬೈ ಪ್ರಾಂತಕ್ಕೆ ಕೊಟ್ಟಾಗ ಕುಂದಾಪುರ ತಾಲ್ಲೂಕನ್ನು ಮಾತ್ರ ಮದ್ರಾಸೇ ಉಳಿಸಿಕೊಂಡಿತು. ಹಾಗಾಗದಿದ್ದರೆ ಕುಂದಾಪುರವೂ ಪುಣೆಯೂ 1956ರವರೆಗೆ ಒಂದೇ ಪ್ರಾಂತದಲ್ಲಿರುತ್ತಿದ್ದವು.

ಗುಲ್ವಾಡಿಯಿಂದ ಪಶ್ಚಿಮಕ್ಕೆ ತಲ್ಲೂರಿನ ಕಡೆ ಬಂದಂತೆ ನೀರು ಮತ್ತೆ ಹರಡಿಕೊಳ್ಳುತ್ತದೆ. ಇಲ್ಲಿಂದ ಕುದ್ರುಗಳ ರಾಜ್ಯ. ನಡುಹೊಳೆಯಲ್ಲಿ ಹೂಳು ನಿಂತು, ಅದರ ಮೇಲೆ ಹುಲ್ಲು, ಕಾಂಡ್ಲಾ (ಮ್ಯಾಂಗ್ರೋವ್), ಆಮೇಲೆ ತೆಂಗು, ಕೊನೆಗೆ ಮನೆ ಬಂದರೆ ಅದು ಕುದ್ರು. ದಡದ ಕಾಂಡ್ಲಾ ಗಿಡಗಳನ್ನು ಇಳಿತದ ಹೊತ್ತಿನಲ್ಲಿ ನೋಡಬೇಕು. ಕವಲೊಡೆದ ಬೇರುಗಳ ಮೇಲೆ ಒಂದೇ ಮಟ್ಟಕ್ಕೆ ಕೆಸರಿನ ಗೆರೆ, ಅದರ ಕೆಳಗೆ ಕಲ್ಲಿನಂತೆ ಅಂಟಿದ ಚಿಪ್ಪುಗಳು. ಬುಡದ ಕೆಸರಿನಲ್ಲಿ ಬೆರಳುಗಾತ್ರದ ತೂತುಗಳು. ಹೆಜ್ಜೆ ಸಪ್ಪಳಕ್ಕೆ ಏಡಿಗಳೆಲ್ಲ ಒಮ್ಮೆಗೇ ಒಳಗೆ. ಒಂದು ಕ್ಷಣ ಅಲುಗದೆ ನಿಂತರೆ ಒಂದೊಂದಾಗಿ ಕಣ್ಣು ಹೊರಹಾಕುತ್ತವೆ. ಕೊಂಬೆಯಿಂದ ಜೋತುಬಿದ್ದ ಉದ್ದನೆಯ ಕಾಯಿ ಮರದ ಮೇಲೇ ಮೊಳೆತಿರುತ್ತದೆ. ನೆಟ್ಟಗೆ ಕೆಸರಿಗೆ ಬಿದ್ದರೆ ಅಲ್ಲೇ ಗಿಡ, ಉಬ್ಬರದಲ್ಲಿ ಬಿದ್ದರೆ ಇನ್ನೊಂದು ಕುದ್ರುವಿಗೆ ಪಯಣ.

ಉಬ್ಬರ ಎಲ್ಲರಿಗೂ ಒಳ್ಳೆಯದು ಮಾಡುವುದಿಲ್ಲ. ಬೇಸಿಗೆಯಲ್ಲಿ ಸಿಹಿನೀರಿನ ಒತ್ತಡ ಇಳಿದಾಗ ಉಪ್ಪು ಬಾವಿಗೂ ಗದ್ದೆಗೂ ಹತ್ತುತ್ತದೆ. ಅದಕ್ಕೆಂದೇ ಹೊಳೆದಂಡೆಗಳು, ಕಿಂಡಿ ಅಣೆಕಟ್ಟುಗಳು. ಮಳೆ ನಿಂತ ಮೇಲೆ ಹಲಗೆ ಹಾಕುತ್ತಾರೆ, ಮಳೆಗಾಲದ ಮುಂಚೆ ತೆಗೆಯುತ್ತಾರೆ. ಹಲಗೆ ಹಾಕುವುದು ಎರಡು ವಾರ ತಡವಾದರೂ ಆ ವರ್ಷದ ಎರಡನೇ ಬೆಳೆ ಹೋದಂತೆ. ಅಕ್ಕಿಯನ್ನು ಹೊತ್ತೊಯ್ದ ನೀರೇ ಅಕ್ಕಿ ಬೆಳೆಯುವ ಗದ್ದೆಗೆ ಶತ್ರು ಎಂಬುದು ಈ ಅಳಿವೆಯ ತಮಾಷೆ.

ತಲ್ಲೂರಿನ ಪಕ್ಕದ ಉಪ್ಪಿನಕುದ್ರುವಿಗೆ ತಿರುಗದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಈ ಕುದ್ರುವಿನ ಕಾಮತ್ ಮನೆತನ ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆಯಾಟ ನಡೆಸಿಕೊಂಡು ಬಂದಿದೆ. ಕೊಗ್ಗ ಕಾಮತರ ಕಾಲದಲ್ಲಿ ಅದಕ್ಕೆ ದೇಶದ ಹೊರಗೂ ಹೆಸರು ಬಂತು. ಮಗ ಭಾಸ್ಕರ ಕೊಗ್ಗ ಕಾಮತರು ಮುಂದುವರಿಸಿದರು. ಎರಡಡಿಗೂ ಕಡಿಮೆ ಎತ್ತರದ ಮರದ ಗೊಂಬೆಗೆ ಬಡಗುತಿಟ್ಟಿನ ಪೂರ್ತಿ ವೇಷ: ಮುಂಡಾಸು, ಭುಜಕೀರ್ತಿ, ಎದೆಪದಕ, ಕಾಲ್ಗೆಜ್ಜೆ. ಮೇಲೆ ನಿಂತವರ ಬೆರಳಲ್ಲಿ ದಾರ. ಚೆಂಡೆಯ ಪೆಟ್ಟಿಗೆ ಗೊಂಬೆ ಕಾಲು ನೆಲಕ್ಕೆ ಬಡಿದಾಗ ಗೆಜ್ಜೆ ಸರಿಯಾದ ತಾಳಕ್ಕೇ ಬೀಳುತ್ತದೆ. ದಾರ ಎಳೆಯುವವನಿಗೆ ಯಕ್ಷಗಾನದ ಕುಣಿತ ಮೈಯಲ್ಲೇ ಗೊತ್ತಿರದಿದ್ದರೆ ಅದು ಆಗದ ಕೆಲಸ.

ಸುಸ್ತಾದವರು ತಲ್ಲೂರಿನಿಂದ ದಕ್ಷಿಣಕ್ಕೆ ಸಂಗಮ್ ಸೇತುವೆ ದಾಟಿ ಕುಂದಾಪುರ ಸೇರಿ ಸುತ್ತು ಮುಗಿಸಬಹುದು. ಹೆದ್ದಾರಿಯಲ್ಲಿ ನಡೆಯುವುದು ಸುಖದ ಕೆಲಸವಲ್ಲ. ಲಾರಿಗಳು ಮೈಮೇಲೆ ಬಂದಂತೆ ಹೋಗುತ್ತವೆ. ಒಂದು ಕಾಲದಲ್ಲಿ ಈ ದಂಡೆಗಳ ಮೇಲೆ ಹೆಂಚಿನ ಕಾರ್ಖಾನೆಗಳ ಚಿಮಣಿಗಳಿದ್ದವು. ದೋಣಿಯಲ್ಲಿ ಆವೆಮಣ್ಣು ಬರುತ್ತಿತ್ತು, ಮಂಜಿ ಎಂಬ ಹಾಯಿಹಡಗಿನಲ್ಲಿ ಹೆಂಚು ಮುಂಬೈ ಕಡೆಗೆ ಹೋಗುತ್ತಿತ್ತು. ಸಿಮೆಂಟಿನ ತಾರಸಿ ಬಂದ ಮೇಲೆ ಹೆಚ್ಚಿನವು ಮುಚ್ಚಿದವು.

ಕಾಲಲ್ಲಿ ಇನ್ನೂ ಕಸುವಿದ್ದವರಿಗೆ ಉತ್ತರದ ದಾರಿ. ಹೆಮ್ಮಾಡಿಯಲ್ಲಿ ಜನವರಿಯಾದರೆ ಗದ್ದೆಗಳಲ್ಲಿ ಹಳದಿ ಸೇವಂತಿಗೆ. ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆ ಬ್ರಹ್ಮಲಿಂಗೇಶ್ವರನಿಗೆ ಈ ಹೂವೇ ಆಗಬೇಕು. ಅರಾಟೆಯ ಸೇತುವೆಯಲ್ಲಿ ಸೌಪರ್ಣಿಕೆ ದಾಟಿ, ಮುಳ್ಳಿಕಟ್ಟೆಯಲ್ಲಿ ಎಡಕ್ಕೆ ತಿರುಗಿದರೆ ಗಂಗೊಳ್ಳಿ. ಪೋರ್ಚುಗೀಸರು ಇದನ್ನು ‘ಕಾಂಬೊಲಿಂ’ ಎಂದು ಬರೆದರು, ಕೋಟೆಯನ್ನೂ ಕಟ್ಟಿದ್ದರು. ಅದನ್ನು ಹುಡುಕುವುದಕ್ಕಿಂತ ಮೀನಿನ ಬಂದರಿಗೆ ಹೋಗುವುದು ಮೇಲು. ಬಂಗುಡೆ, ಬೈಗೆ ಬುಟ್ಟಿಗಟ್ಟಲೆ ಇಳಿಯುತ್ತಿರುತ್ತವೆ. ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದಿನಲ್ಲಿ ಹರಾಜಿನ ಕೂಗು ಅರ್ಧ ಕೇಳುತ್ತದೆ, ಅರ್ಧ ಕೈಸನ್ನೆಯಲ್ಲಿ ಮುಗಿಯುತ್ತದೆ. ಬೋಟುಗಳು ಈಗ ಡೀಸೆಲ್ಲಿನವು. ಆದರೂ ಅಳಿವೆಯ ಬಾಯಲ್ಲಿ ಹೂಳು ಹೆಚ್ಚಾದ ವರ್ಷ ದೊಡ್ಡ ಬೋಟಿನವರೂ ಉಬ್ಬರಕ್ಕೆ ಕಾಯಬೇಕಾಗುತ್ತದೆ.

ಬಂದರಿನಿಂದ ನೋಡಿದರೆ ಎದುರಿಗೇ ಕುಂದಾಪುರ, ನಡುವೆ ನೀರು ಮಾತ್ರ. ಹಿಂದೆ ಇಲ್ಲಿ ದೋಣಿ ಓಡಾಡುತ್ತಿತ್ತು. ಶಾಲೆ, ಕಚೇರಿ, ಆಸ್ಪತ್ರೆಗೆಲ್ಲ ಅದೇ ದಾರಿ. ಈಗ ಮುಳ್ಳಿಕಟ್ಟೆ, ಹೆಮ್ಮಾಡಿ, ತಲ್ಲೂರು ಸುತ್ತಿಕೊಂಡು ಬಸ್ಸಿನಲ್ಲೇ ಹೋಗಬೇಕು. ಗಂಗೊಳ್ಳಿ ಮತ್ತು ಕುಂದಾಪುರದ ನಡುವೆ ಸೇತುವೆ ಬೇಕೆಂಬ ಬೇಡಿಕೆ ಹಳೆಯದು, ಪ್ರತಿ ಚುನಾವಣೆಯಲ್ಲೂ ಅದಕ್ಕೆ ಜೀವ ಬರುತ್ತದೆ. ಸೇತುವೆಯಾದರೆ ಈ ಸುತ್ತು ನಡೆಯುವವರಿಗೆ ಹೆದ್ದಾರಿಯಲ್ಲಿ ವಾಪಸು ಬರುವ ಕಷ್ಟ ತಪ್ಪುತ್ತದೆ. ಗಂಗೊಳ್ಳಿಯವರಿಗೆ ಅದರಿಂದ ಉಳಿಯುವುದು ದಿನದ ಬಸ್ ಚಾರ್ಜು, ಮತ್ತೆ ರಾತ್ರಿಹೊತ್ತು ಹೆರಿಗೆನೋವು ಕಾಣಿಸಿಕೊಂಡರೆ ಅರ್ಧ ಗಂಟೆ.